ಬಸಿದ ನೀರು

ಬೀನ್ಸನ್ನು ಕಿರುಬೆರಳ ಉಗುರಿನ ಅರ್ಧದಷ್ಟು ಸಣ್ಣಗೆ ಹೆಚ್ಚಬೇಕು. ದಪ್ಪವಾದರೆ ಒಳಗಿರುವುದು ಪೂರ್ತಿ ಹೊರಗೆ ಬರುವುದಿಲ್ಲ. ಹೆಚ್ಚಿದ್ದನ್ನು ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ, ಅದನ್ನೂ ಬಸಿಯಬೇಕು. ಕೊನೆಗೆ ಉಳಿಯುವ ಬೀನ್ಸಿಗೆ ಬಣ್ಣವೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಹಾಗಾದರೆ ಕೆಲಸ ಸರಿಯಾಗಿದೆ ಎಂದು ಅರ್ಥ.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಇದನ್ನು ಮಾಡುತ್ತಿದ್ದೆ. ಅಪ್ಪನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಮತ್ತಿಕೆರೆಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು, ಕಾಯಿಲೆಯಿಂದ ಅವಧಿಗೆ ಮೊದಲೇ ಕೆಲಸ ಬಿಟ್ಟಿದ್ದರು. ನಾನು ಎಂ.ಎಸ್ಸಿ. ಮುಗಿಸಿ ಯಶವಂತಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷದವರಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಕೆಲಸ ತಾತ್ಕಾಲಿಕ.

ವಾರಕ್ಕೊಮ್ಮೆ ಅಪ್ಪನನ್ನು ಊರೊಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ಹೊಟ್ಟೆಗೆ ಸಣ್ಣ ನಳಿಕೆ ಹಾಕಿ, ಬಾಟಲಿಯಿಂದ ದ್ರವ ಬಿಟ್ಟು, ಸ್ವಲ್ಪ ಹೊತ್ತು ಒಳಗೇ ಇರಿಸಿ, ಮತ್ತೆ ಹೊರಗೆ ಬಿಡುತ್ತಿದ್ದರು. ಹೊಟ್ಟೆಯ ಒಳಪೊರೆಯೇ ಜರಡಿ. ರಕ್ತದಲ್ಲಿ ಜಾಸ್ತಿ ಇರುವ ಕಶ್ಮಲ ಆ ಪೊರೆ ದಾಟಿ ದ್ರವಕ್ಕೆ ಇಳಿಯುತ್ತದೆ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಇದನ್ನು ನಾನು ತರಗತಿಯಲ್ಲಿ ಊದುಬತ್ತಿಯ ಹೊಗೆ ತೋರಿಸಿ ವಿವರಿಸುತ್ತಿದ್ದೆ.

ಡಾಕ್ಟರು ನನಗೆ ಮುಖ್ಯವಾಗಿ ಹೇಳಿದ್ದು ಪೊಟ್ಯಾಷಿಯಂ ವಿಷಯ. ಆರೋಗ್ಯವಂತರಲ್ಲಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಅಪ್ಪನಿಗೆ ಹೋಗುವುದಿಲ್ಲ. ರಕ್ತದಲ್ಲೇ ಉಳಿಯುತ್ತದೆ. ಉಳಿದದ್ದು ಒಂದು ಮಿತಿ ದಾಟಿದರೆ ಹೃದಯ ನಿಲ್ಲುತ್ತದೆ. "ನೋವೂ ಇರಲ್ಲ, ಏನೂ ಇರಲ್ಲ. ನಿಂತ್ಬಿಡುತ್ತೆ ಅಷ್ಟೆ," ಎಂದಿದ್ದರು. ಬಾಳೆಹಣ್ಣು ಬೇಡ, ಎಳನೀರು ಬೇಡ, ಸೊಪ್ಪು ತರಕಾರಿ ಕೊಟ್ಟರೆ ಎರಡು ಸಲ ಬಸಿದು ಕೊಡಬೇಕು. ಕುಡಿಯುವ ನೀರು ಲೋಟದ ಲೆಕ್ಕ.

ಅಪ್ಪನನ್ನು ಹಗಲು ಒಬ್ಬರನ್ನೇ ಬಿಡುವಂತಿರಲಿಲ್ಲ. ಹಾಗಾಗಿ ಕೊಡಿಗೇಹಳ್ಳಿಯಿಂದ ಅತ್ತೆ ಬಂದರು. ಅಪ್ಪನ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬಂದ ದಿನವೇ ಚೀಲದಿಂದ ಎಳನೀರು ತೆಗೆದು ಗೋಡೆ ಪಕ್ಕ ಜೋಡಿಸಿದರು.

"ಅತ್ತೆ, ಇದು ಅಪ್ಪನಿಗೆ ಆಗಲ್ಲ."

"ಎಳನೀರು ಆಗಲ್ವಾ? ಸಾಯೋರ್ಗೂ ಎಳನೀರು ಬುಡ್ತಾರೆ ಕಣವ್ವ."

"ಅದರಲ್ಲಿ ಪೊಟ್ಯಾಷಿಯಂ ಇರುತ್ತೆ. ಅಪ್ಪನ ಮೈಯಿಂದ ಅದು ಆಚೆ ಹೋಗಲ್ಲ."

"ಅದೇನೋ ನಂಗೊತ್ತಿಲ್ಲ. ನಮ್ಮ ತೋಟದ ಮರದ್ದು. ಔಷ್ದಿ ಗಿಷ್ದಿ ಏನೂ ಒಡೆದಿಲ್ಲ."

ಅಪ್ಪ ಮಂಚದ ಮೇಲಿಂದ ನಕ್ಕರು. "ಅವಳು ಪಾಠ ಹೇಳೋ ಮೇಡಮ್ಮು ಕಣಕ್ಕ. ಎದುರು ಮಾತಾಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಾಳೆ."

ಎಳನೀರನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಅತ್ತೆ ಆ ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಆದರೆ ಮಾತು ಮೀರುವವರಲ್ಲ. ಆಮೇಲೆ ಯಾರಾದರೂ ನೋಡಲು ಬಂದು ಬಾಳೆಹಣ್ಣಿನ ಚಿಪ್ಪು ತಂದರೆ, "ಅದೆಲ್ಲಾ ಆಗಕ್ಕಿಲ್ಲ, ವಾಪಸ್ ತಕ್ಕೊಂಡೋಗ್ರಿ," ಎಂದು ಬಾಗಿಲಲ್ಲೇ ಹೇಳುತ್ತಿದ್ದರು.

ಬಸಿದ ನೀರಿನ ವಿಷಯದಲ್ಲಿ ಒಂದೇ ಒಂದು ತಕರಾರು ತೆಗೆದರು. ನಾನು ಕುದಿಯುವ ನೀರನ್ನು ಬಚ್ಚಲ ಮೋರಿಗೆ ಸುರಿಯಲು ಹೋದಾಗ ಕೈ ಹಿಡಿದರು. "ಸುಡೋ ನೀರು ನೆಲಕ್ಕೆ ಸುರೀಬಾರ್ದು ಕಣವ್ವ, ಭೂಮ್ತಾಯಿ. ಆರ್ಲಿ. ನಾನು ನೋಡ್ಕೊತೀನಿ, ನೀನು ಓಗು, ಬಸ್ಸು ತಪ್ತೈತೆ."

"ಚೆಲ್ಲಿಬಿಡಿ ಅತ್ತೆ, ಮರೀಬೇಡಿ. ಅಪ್ಪನಿಗೆ ಆಗದ್ದೆಲ್ಲಾ ಅದರಲ್ಲೇ ಇರುತ್ತೆ."

"ಊಂ."

ಅಂದಿನಿಂದ ಬಸಿದ ನೀರಿನ ಪಾತ್ರೆಯನ್ನು ತಟ್ಟೆ ಮುಚ್ಚಿ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದೆ. ಸಂಜೆ ಬರುವ ಹೊತ್ತಿಗೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿತ್ತು.

ಆ ವಾರಗಳಲ್ಲಿ ತರಗತಿಯಲ್ಲಿ ಪರಮಾಣುವಿನಿಂದ ಶುರುಮಾಡಿ ಜೀವಕೋಶದ ಪೊರೆಯವರೆಗೆ ಬಂದಿದ್ದೆವು. ಪೊಟ್ಯಾಷಿಯಂ ಲೋಹವಾಗಿದ್ದಾಗ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಹೊರಗಿನ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಸುಮ್ಮನಾಗುತ್ತದೆ. ಆ ಸುಮ್ಮನಾದ ರೂಪದಲ್ಲೇ ಅದು ಸೊಪ್ಪಿನೊಳಗೆ, ನಮ್ಮೊಳಗೆ ಇರುವುದು. ಜೀವಕೋಶದ ಒಳಗೆ ಪೊಟ್ಯಾಷಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಬಿಟ್ಟರೆ ಎರಡೂ ಬೆರೆತು ಸಮವಾಗಿಬಿಡುತ್ತವೆ. ಬೆರೆಯದಂತೆ ಪೊರೆಯಲ್ಲಿರುವ ಪಂಪು ಸೋಡಿಯಂ ಅನ್ನು ಹೊರಗೆ, ಪೊಟ್ಯಾಷಿಯಂ ಅನ್ನು ಒಳಗೆ ಹಾಕುತ್ತಲೇ ಇರಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ.

ಹಿಂದಿನ ಬೆಂಚಿನ ಹುಡುಗ ಪಕ್ಕದವನಿಗೆ, "ಮಗಾ, ಸೋಡಿಯಂ ಒಳಗೆ ಬರೋದು ಫ್ರೀ. ಆಚೆ ಹೋಗೋಕೆ ಮಾತ್ರ ಟಿಕೆಟ್ ತಗೋಬೇಕು," ಎಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಸರಿಯಾಗಿತ್ತು. ಸರಿ ಎಂದೆ.

ಮುಂದಿನ ಸಾಲಿನ ಒಬ್ಬಳು ಕೇಳಿದಳು, "ಮಿಸ್, ಬೇಯಿಸಿದ ತರಕಾರೀಲೂ ಪಂಪ್ ಇರುತ್ತಾ?"

"ಇರಲ್ಲ. ಬೇಯಿಸಿದರೆ ಪೊರೆ ಕೆಡುತ್ತೆ. ಒಳಗಿದ್ದದ್ದೆಲ್ಲಾ ನೀರಿಗೆ ಬರುತ್ತೆ."

"ಅಂದ್ರೆ ನೀರು ಚೆಲ್ಲಿದ್ರೆ ಎಲ್ಲಾ ಹೋಯ್ತು."

"ಹೌದು."

ಮನೆಯಲ್ಲಿ ಅಪ್ಪ ಊಟ ಮಾಡತೊಡಗಿದ್ದರು. ತಿಂಗಳುಗಟ್ಟಲೆ ಅನ್ನದ ತಟ್ಟೆ ನೋಡಿ ಮುಖ ತಿರುಗಿಸುತ್ತಿದ್ದವರು ಈಗ ಮಧ್ಯಾಹ್ನ ಮುದ್ದೆ ಉಣ್ಣುತ್ತಾರೆ ಎಂದು ಅತ್ತೆ ಹೇಳಿದರು. ನನಗೆ ಸಮಾಧಾನವಾಯಿತು. ಏನು ಮಾಡಿ ಹಾಕಿದಿರಿ ಎಂದು ಕೇಳಿದೆ. "ಏನಿರ್ತೈತೆ, ಸಾರು," ಎಂದರು. ಉಪ್ಪು ಕಡಿಮೆ ತಾನೇ ಎಂದೆ. "ಕಮ್ಮೀನೇ ಆಕಿದ್ದೀನಿ," ಎಂದರು. ಸಂಜೆಯ ಅಡಿಗೆ ನನ್ನದು. ಮಧ್ಯಾಹ್ನದ ಸಾರು ಸಂಜೆಗೆ ಉಳಿಯುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಪ್ಪ ಕಾಲು ಸೋಲುತ್ತವೆ ಎಂದರು. ಮಂಚದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಅದು ಕಾಯಿಲೆಯ ಸುಸ್ತು ಎಂದುಕೊಂಡೆ. ಆಸ್ಪತ್ರೆಯ ಸರದಿಗೆ ಇನ್ನೆರಡು ದಿನವಿತ್ತು.

ಮರುದಿನ ಸಂಜೆ ನಾನು ಬಂದಾಗ ಅತ್ತೆ ಹೊಸಿಲಲ್ಲಿ ನಿಂತಿದ್ದರು. "ಏಳಕ್ಕೇ ಆಗ್ತಿಲ್ಲ ಅಂತಾನೆ," ಎಂದರು. ಅಪ್ಪನ ನಾಡಿ ಹಿಡಿದೆ. ಒಂದು ಬಡಿತದಿಂದ ಇನ್ನೊಂದಕ್ಕೆ ಕಾಯಬೇಕಾಗುತ್ತಿತ್ತು. ಎದುರು ಮನೆಯವರು ಆಟೋ ಕರೆತಂದರು. ನಾನು ಮತ್ತು ಅತ್ತೆ ಅಪ್ಪನನ್ನು ನಡುವೆ ಕೂರಿಸಿಕೊಂಡೆವು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಪೂರ್ತಿ ಹೋಗುವವರೆಗೆ ನಿಂತಿದ್ದೆವು. ನಾನು ಅವರ ಮಣಿಕಟ್ಟು ಬಿಟ್ಟಿರಲಿಲ್ಲ. ವ್ಯಾಗನ್ನುಗಳ ಬಾಗಿಲಿಗೆ ಹಾಕಿದ್ದ ಬೀಗಗಳನ್ನು ನೋಡುತ್ತಿದ್ದೆ.

ಇ.ಸಿ.ಜಿ. ಕಾಗದ ನೋಡಿದ ಡಾಕ್ಟರು ತಕ್ಷಣ ಕ್ಯಾಲ್ಸಿಯಂ ಇಂಜೆಕ್ಷನ್ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್. ಅದು ಪೊಟ್ಯಾಷಿಯಂ ಅನ್ನು ರಕ್ತದಿಂದ ಜೀವಕೋಶಗಳ ಒಳಕ್ಕೆ ದೂಡುತ್ತದೆ. ಮೈಯಿಂದ ಆಚೆ ಹಾಕುವುದಿಲ್ಲ, ಸ್ವಲ್ಪ ಹೊತ್ತು ಬಚ್ಚಿಡುತ್ತದೆ ಅಷ್ಟೆ. ಆ ಹೊತ್ತಿನೊಳಗೆ ನಳಿಕೆ ಹಾಕಿ ದ್ರವ ಬಿಡಲು ಶುರುಮಾಡಬೇಕು.

ನಾಡಿ ಸ್ವಲ್ಪ ಏರಿದ ಮೇಲೆ ಡಾಕ್ಟರು ವರಾಂಡಕ್ಕೆ ಬಂದರು. "ಪೊಟ್ಯಾಷಿಯಂ ತುಂಬಾ ಜಾಸ್ತಿಯಾಗಿದೆ. ಏನು ತಿಂದ್ರು?"

"ಏನೂ ಇಲ್ಲ. ಹಣ್ಣು ಕೊಡಲ್ಲ. ತರಕಾರಿ ಎರಡು ಸಲ ಬಸಿದೇ ಕೊಡೋದು."

ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದರು. ಡಾಕ್ಟರಿಗೆ ನೆರವಾಗಬೇಕೆಂದು ಅವರಿಗಿತ್ತು. "ಒಟ್ಟೆಗೇನೂ ಕಮ್ಮಿ ಮಾಡಿಲ್ಲ ಡಾಕ್ಟ್ರೇ. ಇವ್ಳು ಬಸಿದು ಬಸಿದು ಬರೀ ಸಿಪ್ಪೆ ಇಕ್ತಾಳೆ. ಆ ಕಟ್ಟಿನಾಗೇ ನಾನು ದಿನಾ ಬಸ್ಸಾರು ಮಾಡಿದ್ದೀನಿ. ಸೊಪ್ಪಿಂದು, ಕಾಯಿಂದು, ಸತ್ವ ಎಲ್ಲಾ ಅದ್ರಾಗೇ ಇರ್ತೈತಲ್ಲ."

ಡಾಕ್ಟರು ನನ್ನ ಮುಖ ನೋಡಿದರು.

ನಮ್ಮ ಕಡೆ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ಸೊಪ್ಪೋ ಕಾಳೋ ಬೇಯಿಸಿ ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಕಟ್ಟನ್ನು ಚೆಲ್ಲುವ ಹೆಂಗಸನ್ನು ಅತ್ತೆ ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ಎಳನೀರು ಬೇಡ ಎಂದರೆ ಅವರಿಗೆ ಅರ್ಥವಾಗಿತ್ತು, ಅದು ಒಂದು ಪದಾರ್ಥ. ಕಟ್ಟು ಚೆಲ್ಲಿ ಎಂದದ್ದು ಓದಿದವಳ ಅಚ್ಚುಕಟ್ಟು ಎಂದುಕೊಂಡಿದ್ದರು. ನೀರು ಆರುವವರೆಗೆ ಕಾದು, ಆರಿದ ಮೇಲೆ ಚೆಲ್ಲಲು ಕೈ ಬಂದಿರಲಿಲ್ಲ.

"ಅದ್ರಿಂದಾನೇ ಅಂತ ಹೇಳೋಕಾಗಲ್ಲ," ಎಂದರು ಡಾಕ್ಟರು. "ಆದ್ರೆ ನಿಲ್ಲಿಸಿ." ಒಳಗೆ ಹೋದರು.

ಅತ್ತೆ ಸೆರಗು ಬಾಯಿಗೆ ಹಿಡಿದು ಬೆಂಚಿನ ಮೇಲೆ ಕೂತರು. "ನನ್ನಿಂದಾನೇನೇ?"

ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಅದರಿಂದಲೇ ಎಂದು ಹೇಳೋಕಾಗಲ್ಲ. ಅವರ ಪಕ್ಕ ಕೂತೆ. ಕೋಪ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಳುವೂ ಬರಲಿಲ್ಲ. ಅತ್ತೆಯ ಸೀರೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ನನಗೆ ಹಸಿವಾಗಿತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಪ್ಪನಿಗೆ ಮಾತು ಬಂತು. ಹೊಟ್ಟೆಯ ನಳಿಕೆಯಿಂದ ದ್ರವ ಮಂಚದ ಕೆಳಗಿನ ಬಾಟಲಿಗೆ ಇಳಿಯುತ್ತಿತ್ತು. ನಡೆದದ್ದನ್ನು ಹೇಳಿದೆ. ಅವರು ಕಣ್ಣು ಮುಚ್ಚಿಯೇ ಕೇಳಿದರು.

"ನಿಮ್ಮತ್ತೇಗೆ ಏನೂ ಅನ್ಬೇಡ. ನಂಗೆ ಗೊತ್ತಿತ್ತು."

"ಕಟ್ಟಿನ ಸಾರು ಅಂತಾನಾ?"

"ಬಸ್ಸಾರು ಗೊತ್ತಾಗಲ್ವೇನಮ್ಮ ನಂಗೆ? ನೀನು ಅದ್ರಲ್ಲಿ ಏನಿರುತ್ತೆ ಅಂತ ಹೇಳಿದ್ದೂ ಗೊತ್ತಿತ್ತು."

ಅತ್ತೆ ಮಂಚದ ಆ ಬದಿಯಲ್ಲಿದ್ದರು. ಎದ್ದು ನಿಂತೇಬಿಟ್ಟರು. "ಲೋ, ಗೊತ್ತಿದ್ದೂ ತಿಂದ್ಯೇನೋ! ಇನ್ನೊಂದು ಸೌಟು ಆಕು ಅಂತ ತಟ್ಟೆ ಮುಂದ್ ಮಾಡ್ದೆಯಲ್ಲೋ! ನನ್ ಕೈಲಿ ಇಂಗೆ ಮಾಡಿಸ್ದೆಯಲ್ಲೋ ನೀನು!"

"ಚೆನ್ನಾಗಿತ್ತು ಕಣಕ್ಕ."

"ಚೆನ್ನಾಗಿತ್ತಂತೆ! ಬಾಯಿ ಮುಚ್ಕೊಂಡ್ ಮಲಕ್ಕೋ."

ಪಕ್ಕದ ಮಂಚದವರು ತಿರುಗಿ ನೋಡಿದರು. ಅಪ್ಪ ಸ್ವಲ್ಪ ನಕ್ಕು, ನಳಿಕೆ ಹಾಕಿದ ಕಡೆ ನೋವಾಗಿ ನಿಲ್ಲಿಸಿದರು. ಆಮೇಲೆ ನನಗೆ ಹೇಳಿದರು, "ಸಾಯೋಕೆ ಅಂತ ತಿನ್ಲಿಲ್ಲಮ್ಮ. ಊಟ ಮಾಡ್ಬೇಕು ಅನ್ನಿಸ್ತು, ತಿಂದೆ." ಹೊಟ್ಟೆಯ ಕಡೆ ಕೈ ತೋರಿಸಿ, "ಈ ನಳಿಕೆ ತೆಗೆದ ಮೇಲೆ ಮತ್ತೆ ಹಾಕಿಸ್ಬೇಡ. ಸಾಕು," ಎಂದರು.

ಅತ್ತೆ ಸೆರಗಿನಿಂದ ಅವರ ಹಣೆ ಒರೆಸಿದರು.

ಸಂಜೆ ಡಾಕ್ಟರು ನನ್ನನ್ನು ಕರೆದರು. ಈ ಸುತ್ತು ಸಾಲಲಿಲ್ಲ, ನಾಳೆ ಬೆಳಿಗ್ಗೆ ಇನ್ನೊಂದು ಸುತ್ತು ಬೇಕು. ದ್ರವದ ಬಾಟಲಿ ವಾರ್ಡಿನಲ್ಲಿ ಮುಗಿದಿದೆ, ಎದುರಿನ ಅಂಗಡಿಯಲ್ಲಿ ಸಿಗುತ್ತದೆ. "ತಂದ್ರೆ ಶುರು ಮಾಡ್ತೀನಿ. ಅವ್ರು ಬೇಡ ಅಂತಿದಾರೆ, ನನ್ಗೂ ಹೇಳಿದ್ರು. ನೀವು ಯೋಚ್ನೆ ಮಾಡಿ."

ಮಾಡದಿದ್ದರೆ ಎಂದು ಕೇಳಿದೆ.

"ಇನ್ಸುಲಿನ್ ಬಚ್ಚಿಟ್ಟಿದ್ದು ಮತ್ತೆ ರಕ್ತಕ್ಕೆ ಬರುತ್ತೆ," ಎಂದರು.

ಅತ್ತೆಯನ್ನು ಅಪ್ಪನ ಬಳಿ ಬಿಟ್ಟು ನಾನು ಮನೆಗೆ ಹೋಗಿ ಸ್ನಾನ ಮಾಡಿ, ಅನ್ನಕ್ಕೆ ಮೊಸರು ಹಾಕಿಕೊಂಡು ತಿಂದು, ಮಲಗಿದೆ. ಯೋಚನೆ ಮಾಡಲು ಅವರು ಹೇಳಿದ್ದರು. ಮಾಡಲು ನೋಡಿದೆ. ಅಪ್ಪ ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ. ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅಂಗಡಿಯವನು ಶಟರ್ ಎತ್ತಿ, ದೇವರ ಪಟಕ್ಕೆ ಕೈ ಮುಗಿದು, ನನ್ನ ಕಡೆ ತಿರುಗುವವರೆಗೆ ಕಾದೆ. ದ್ರವದ ಬಾಟಲಿಗಳ ಪೆಟ್ಟಿಗೆ ಭಾರವಿತ್ತು. ಸೊಂಟದ ಮೇಲೆ ಇಟ್ಟುಕೊಂಡು ರಸ್ತೆ ದಾಟಿ ಮೆಟ್ಟಿಲು ಹತ್ತಿದೆ. ಅಪ್ಪ ಎಚ್ಚರವಾಗಿದ್ದರು. ಪೆಟ್ಟಿಗೆ ನೋಡಿದರು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅದನ್ನು ಮಂಚದ ಕೆಳಗೆ ತಳ್ಳಿ, ನರ್ಸಿಗೆ ಬಾಟಲಿ ಬಂದಿದೆ ಎಂದು ಹೇಳಿದೆ.