ಅಕ್ಕನ ಜ್ವರಕ್ಕೆ ಕಾರಣ ಹುಡುಕಿದವರು

ನನ್ನ ಅಕ್ಕನನ್ನು ಕೊಟ್ಟದ್ದು ಹೊಸನಗರ ತಾಲ್ಲೂಕಿನ, ತೀರ್ಥಹಳ್ಳಿ ಗಡಿಗೆ ತಾಗಿದ ಒಂದು ಊರಿಗೆ. ಕಾಡಿನ ಅಂಚಿನಲ್ಲಿ ಕೆಲವೇ ಕ್ರೈಸ್ತರ ಮನೆಗಳು, ನಡುವೆ ಹೆಂಚಿನ ಒಂದು ಸಣ್ಣ ಇಗರ್ಜಿ. ತೀರ್ಥಹಳ್ಳಿಯಿಂದ ವಯಸ್ಸಾದ ಫಾದರ್ ಒಬ್ಬರು ಆಗಾಗ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಅವರು ಬಾರದ ಭಾನುವಾರಗಳಲ್ಲಿ ಅಕ್ಕನೇ ಮುಂದೆ ನಿಂತು ಜಪಸರ ಹೇಳಿಸುತ್ತಿದ್ದಳು. ಭಾವ ಗೂಡ್ಸ್ ಆಟೋ ಓಡಿಸುತ್ತಿದ್ದರು. ನಾನು ಸಾಗರದ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡು, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದೆ.

ಆ ವರ್ಷ ಚಳಿ ಇಳಿಯುವ ಹೊತ್ತಿಗೆ ಅವರ ಮನೆಯ ಹಿಂದಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮೊದಲು ಒಂದು, ಹಳ್ಳದ ಪಕ್ಕ. ಆಮೇಲೆ ತಾಯಿ, ಮರಿ ಎರಡೂ ಒಂದೇ ಮರದಡಿ. ಆರೋಗ್ಯ ಇಲಾಖೆಯವರು ಬಂದು ಅವನ್ನು ಸುಟ್ಟು, ಸುತ್ತಲ ನೆಲಕ್ಕೆ ಬಿಳಿ ಪುಡಿ ಎರಚಿ ಹೋದರು. ಮಂಗನ ಕಾಯಿಲೆ ಎಂದರು. ಸತ್ತ ಮಂಗದ ಮೈಯಿಂದ ಇಳಿದ ಉಣುಗು ತರಗೆಲೆಯಲ್ಲಿ ಕೂತಿರುತ್ತದೆ, ಕಚ್ಚಿದರೆ ಜ್ವರ ಬರುತ್ತದೆ, ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಕೈಕಾಲಿಗೆ ಈ ಎಣ್ಣೆ ಹಚ್ಚಿಕೊಳ್ಳಿ ಎಂದು ಮನೆಮನೆಗೂ ಬಾಟಲಿ ಕೊಟ್ಟರು. ಆದರೆ ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕು, ಅದು ಇರುವುದು ಕಾಡಿನಲ್ಲಿ. ಅಕ್ಕನೂ ಪಕ್ಕದ ಮನೆಯಾಕೆಯೂ ಎಂದಿನಂತೆ ಎಲೆ ತುಂಬುವ ಹಗ್ಗದ ಕಲ್ಲಿ ಹೊತ್ತು ಹೋದರು.

ಈ ಪಕ್ಕದ ಮನೆಯಾಕೆ ಅಕ್ಕನ ಜೀವದ ಗೆಳತಿ. ಹಿಂದೂ ರೈತರ ಮನೆಯವಳು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು. ಕ್ರಿಸ್ಮಸ್ಸಿಗೆ ಅಕ್ಕ ಮಾಡಿದ ಕುಸ್ವಾರ್ ತಿಂಡಿಗಳು ಅವರ ಮನೆಗೆ ಹೋಗುತ್ತಿದ್ದವು. ಅವಳು ಸಿಗಂದೂರಿಗೆ ಹೋಗಿ ಬಂದರೆ ಪ್ರಸಾದ ಇವರ ಮನೆಗೆ ಬರುತ್ತಿತ್ತು. ಅಕ್ಕ ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಿದ್ದಳು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾದ ವಾರವೇ ಅಕ್ಕನಿಗೆ ಜ್ವರ ಬಂತು. ನಾನು ರಜೆ ಹಾಕಿ ಹೋದೆ. ಕಣ್ಣು ಕೆಂಡದಂತೆ ಕೆಂಪಾಗಿದ್ದವು, ಮೈ ಮುಟ್ಟಿದರೆ ನೋವೆಂದು ಹೊದಿಕೆಯನ್ನೂ ತಳ್ಳುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಬಂತು. ತೀರ್ಥಹಳ್ಳಿಯ ಡಾಕ್ಟರು ಭಾವನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬೇಡಿ, ಕೆಲವರಿಗೆ ಬಿಟ್ಟ ಜ್ವರ ತಿರುಗಿ ಬರುತ್ತದೆ, ಆಗ ತಲೆಗೆ ಏರುತ್ತದೆ ಎಂದರು. ಭಾವ ತಲೆಯಾಡಿಸಿದರು. ಆದರೆ ಅವರ ಮನಸ್ಸು ಬೇರೆಲ್ಲೋ ಇತ್ತು.

ಆಟೋದಲ್ಲಿ ಸಾಮಾನು ಸಾಗಿಸುವಾಗ ಭಾವನಿಗೆ ಸಾಗರದಲ್ಲಿ ಪ್ರಾರ್ಥನಾ ಕೂಟ ನಡೆಸುವ ಒಬ್ಬರ ಪರಿಚಯವಾಗಿತ್ತು. ಎಲ್ಲರೂ ಅವರನ್ನು ಬ್ರದರ್ ಎನ್ನುತ್ತಿದ್ದರು. ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದ, ಮೆಲುದನಿಯ, ಅಚ್ಚುಕಟ್ಟಾದ ಮನುಷ್ಯ. ನಾವು ಅಕ್ಕನನ್ನು ಮನೆಗೆ ಕರೆತಂದ ಮಾರನೆಯ ದಿನವೇ ಅವರು ನಾಲ್ಕಾರು ಜನರೊಂದಿಗೆ ಬಂದರು. ಮಂಚದ ಸುತ್ತ ನಿಂತರು. ಕಿಟಕಿಯ ಬೆಳಕು ಅಕ್ಕನ ಮುಖಕ್ಕೆ ಬೀಳದಷ್ಟು ಒತ್ತಾಗಿ ನಿಂತರು. ಬಹಳ ಹೊತ್ತು ಪ್ರಾರ್ಥನೆ ನಡೆಯಿತು. ಮುಗಿದ ಮೇಲೆ ಬ್ರದರ್ ಬಗ್ಗಿ ಅಕ್ಕನನ್ನು ಕೇಳಿದರು:

"ಕಷ್ಟ ಸುಮ್ನೆ ಬರಲ್ಲ ಸಿಸ್ಟರ್. ಎಲ್ಲೋ ಒಂದು ಬಾಗ್ಲು ನೀವೇ ತೆಗ್ದಿಟ್ಟಿದೀರಿ. ಯಾವ್ದು ಅಂತ ನೀವೇ ಹೇಳ್ಬೇಕು."

"ತರಗೆಲೆಗೆ ಹೋಗಿದ್ದೆ," ಎಂದಳು ಅಕ್ಕ. "ಅಷ್ಟೇ."

ಅವರು ನಕ್ಕರು, ಮಕ್ಕಳ ಮಾತಿಗೆ ನಗುವ ಹಾಗೆ. ಆಮೇಲೆ ಭಾವನ ಕಡೆ ತಿರುಗಿದರು. ಮನೆಗೆ ಯಾರು ಬರುತ್ತಾರೆ, ಏನು ತರುತ್ತಾರೆ, ಏನು ತಿನ್ನುತ್ತೀರಿ ಎಂದು ಒಂದೊಂದಾಗಿ ವಿಚಾರಿಸಿದರು. ಸಿಗಂದೂರಿನ ಪ್ರಸಾದದ ಮಾತು ಭಾವನ ಬಾಯಿಂದಲೇ ಬಂತು. ಕೋಣೆಯಲ್ಲಿ ಎಲ್ಲರೂ ಕಳೆದ ವಸ್ತು ಸಿಕ್ಕಿದವರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಅಂದಿನಿಂದ ಗೆಳತಿ ಆ ಮನೆಯ ಹೊಸಿಲು ತುಳಿಯಕೂಡದೆಂದು ಭಾವ ಅವಳ ಗಂಡನಿಗೆ ಹೇಳಿ ಕಳಿಸಿದರು.

ಅವಳು ಜಗಳಕ್ಕೆ ಬರಲಿಲ್ಲ. ಅಕ್ಕ ಮಲಗಿದ್ದರಿಂದ ಕೊಟ್ಟಿಗೆಯ ದನ ಕೆಸರಿನಲ್ಲಿ ನಿಲ್ಲುವಂತಾಗಿತ್ತು. ಅವಳು ತನ್ನ ಮನೆಗೆ ತರಗೆಲೆ ತರುವಾಗ ನಮಗೂ ಒಂದು ಹೊರೆ ತಂದು, ಬೇಲಿಯಾಚೆ ಇಟ್ಟು ಹೋಗುತ್ತಿದ್ದಳು. ಬೇಡವೆಂದು ನಾನು ಬೇಲಿಯ ಹತ್ತಿರ ಹೋಗಿ ಹೇಳಿದೆ.

"ದನ ಎಂತ ಮಾಡಿದೆ ಮಾರಾಯ್ತಿ," ಎಂದಳು. "ಅಕ್ಕಂಗೆ ಹೇಳ್ಬೇಡ, ಸುಮ್ನೆ ತಲೆಬಿಸಿ ಮಾಡ್ಕೊಳ್ತಾರೆ."

ಎಣ್ಣೆ ಹಚ್ಚಿಕೊಂಡಿದ್ದೀಯಾ ಎಂದು ಕೇಳಿದೆ. ಬಾಟಲಿ ಖಾಲಿಯಾಯಿತು ಎಂದಳು.

ಮುಂದಿನ ವಾರ ಅಕ್ಕನ ಜ್ವರ ಬಿಟ್ಟಿತು. ಎದ್ದು ಕೂತಳು, ಗಂಜಿ ಕುಡಿದಳು. ಭಾವನ ಸಂತೋಷ ನೋಡಿ ನನಗೂ ಕಣ್ಣು ತುಂಬಿತು. ಆದರೆ ಭಾನುವಾರ ಬ್ರದರ್ ಕಡೆಯವರೆಲ್ಲ ಅಂಗಳದಲ್ಲಿ ಸೇರುತ್ತಾರೆ, ದೇವರೇ ಗುಣಪಡಿಸಿದನೆಂದು ಅಕ್ಕ ಎಲ್ಲರೆದುರು ಸಾಕ್ಷಿ ಹೇಳಬೇಕು ಎಂದು ಭಾವ ಹೇಳಿದಾಗ ನನಗೆ ದಿಗಿಲಾಯಿತು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಅಂಥ ಮಾತು ಈ ಮನೆಯಲ್ಲಿ ಆಡಬೇಡ, ಅಪನಂಬಿಕೆಯೂ ಒಂದು ರೋಗವೇ ಎಂದು ಭಾವ ಮುಖ ತಿರುಗಿಸಿದರು.

ಭಾನುವಾರ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ದೇವರು ನನ್ನನ್ನು ಗುಣಪಡಿಸಿದ, ನನ್ನ ತಪ್ಪು ಕ್ಷಮಿಸಿದ ಎಂದು ಅವರು ಹೇಳಿಕೊಟ್ಟಂತೆ ಹೇಳಿದಳು. ತಪ್ಪು ಎನ್ನುವಾಗ ಪಕ್ಕದ ಮನೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಬಾಗಿಲು ಮುಚ್ಚಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಅವಳ ಹಿಂದೆ ನಿಂತು ಕುತ್ತಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು. ಆ ತಣ್ಣನೆಯ ಮೈಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅದಾದ ಕೆಲವೇ ದಿನಕ್ಕೆ ಕಾಫಿ ಲೋಟ ಅವಳ ಕೈಯಿಂದ ಜಾರಿತು. ಸಂಜೆಯ ಹೊತ್ತಿಗೆ ಕೈ ನಡುಗತೊಡಗಿತು, ಕುತ್ತಿಗೆ ಬಿಗಿಯಿತು. ಮೈ ಕಾದ ಕಾವಲಿಯಾಯಿತು. ನನ್ನನ್ನು ಅಮ್ಮಾ ಎಂದು ಕರೆದಳು. ನಮ್ಮಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಭಾವ ಮೊದಲು ಬ್ರದರ್‌ಗೆ ಫೋನು ಮಾಡಿದರು. ನಾನು ಆಂಬುಲೆನ್ಸಿಗೆ ಮಾಡಿದೆ. ಬ್ರದರ್ ಬರಲಿಲ್ಲ. ಸಾಕ್ಷಿ ಹೇಳುವಾಗ ಆಕೆ ಪೂರ್ತಿ ಮನಸ್ಸಿನಿಂದ ಹೇಳಿರಲಿಲ್ಲ, ಇನ್ನೂ ಏನೋ ಬಚ್ಚಿಟ್ಟಿದ್ದಾಳೆ ಎಂದು ಫೋನಿನಲ್ಲೇ ಹೇಳಿದರಂತೆ. ಆಂಬುಲೆನ್ಸಿನಲ್ಲಿ ಅಕ್ಕನ ಕಾಲ ಬಳಿ ಕೂತ ಭಾವ ನನ್ನನ್ನು ಕೇಳಿದರು:

"ನಿನ್ ಹತ್ರ ಏನಾದ್ರೂ ಹೇಳಿದಾಳಾ? ನಂಗೆ ಗೊತ್ತಿಲ್ದಿರೋದು?"

ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಅವರು ಅಪರಿಚಿತಳನ್ನು ನೋಡುವ ಹಾಗೆ ನೋಡುತ್ತಿದ್ದರು.

ತೀರ್ಥಹಳ್ಳಿಯಿಂದ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅಕ್ಕ ಬಹಳ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅವಳು ಇನ್ನೂ ಕಣ್ಣು ಬಿಡದಿದ್ದಾಗಲೇ ಊರಿನಿಂದ ಸುದ್ದಿ ಬಂತು. ಪಕ್ಕದ ಮನೆಯಾಕೆಗೂ ಜ್ವರ ಬಂದು, ಬಾಯಿ ಮೂಗಿನಲ್ಲಿ ರಕ್ತ ಕಾಣಿಸಿಕೊಂಡು, ಆಸ್ಪತ್ರೆ ತಲುಪುವ ಮೊದಲೇ ತೀರಿಹೋಗಿದ್ದಳು.

ಅಕ್ಕ ಬದುಕಿದಳು. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರಕ್ಕೆ ಸ್ವಲ್ಪ ಮುಂಚೆ ಮನೆಗೆ ಕರೆತಂದೆವು. ಗೆಳತಿಯ ಸುದ್ದಿಯನ್ನು ದಾರಿಯಲ್ಲಿ ನಾನೇ ಹೇಳಿದೆ. ಹೊರೆ ಹೊತ್ತು ತರುತ್ತಿದ್ದದ್ದನ್ನೂ ಹೇಳಿದೆ. ಅಕ್ಕ ಅಳಲಿಲ್ಲ. ಮನೆ ಬರುವವರೆಗೂ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಪವಿತ್ರ ವಾರದಲ್ಲಿ ತೀರ್ಥಹಳ್ಳಿಯ ಫಾದರ್ ಮನೆಗೆ ಬಂದರು. ಅಕ್ಕ ಅವರನ್ನು ನೇರವಾಗಿ ಕೇಳಿದಳು, ನಾನು ಉಳಿದು ಅವಳು ಹೋದದ್ದು ಯಾಕೆ ಎಂದು.

"ಗೊತ್ತಿಲ್ಲಮ್ಮ," ಎಂದರು. "ಶಿಲುಬೆ ಮೇಲೆ ಯೇಸುವೂ ಯಾಕೆ ಅಂತಾನೇ ಕೇಳಿದ್ದು. ಅವರಿಗೂ ಆವತ್ತು ಉತ್ತರ ಬರ್ಲಿಲ್ಲ."

ಭಾವನಿಗೆ ಆ ಮಾತು ಹಿಡಿಸಲಿಲ್ಲ. ಉತ್ತರ ಗೊತ್ತಿಲ್ಲದವರು ಪಾದ್ರಿ ಯಾಕಾಗಬೇಕು ಎಂದು ಫಾದರ್ ಹೋದ ಮೇಲೆ ಗೊಣಗಿದರು. ಈಸ್ಟರಿಗೆ ಅಕ್ಕ ಇನ್ನೊಮ್ಮೆ ಸಾಕ್ಷಿ ಹೇಳಬೇಕು ಎಂದೂ ಹೇಳಿದರು. ಅಕ್ಕ ಎದ್ದು, ನನ್ನ ಭುಜ ಹಿಡಿದು ಪಕ್ಕದ ಮನೆಗೆ ನಡೆದಳು.

ಅಲ್ಲಿ ಗೆಳತಿಯ ಅತ್ತೆ ಜಗಲಿಯಲ್ಲಿ ಕೂತಿದ್ದರು. ನಮ್ಮನ್ನು ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಕ್ಕ ಅವರ ಕಾಲ ಬಳಿ ಕೆಳಗೆ ಕೂತಳು. ಮುದುಕಿ ಕೇಳಿದರು:

"ನಿಮ್ ದೇವ್ರು ನಿನ್ನ ಉಳಿಸ್ದ ಅಂತ ನಿನ್ ಗಂಡ ಊರೆಲ್ಲ ಹೇಳ್ತಿದಾನೆ. ಹೌದನೇ?"

"ಹಂಗೆ ಹೇಳೋಕೆ ನಂಗೆ ಬಾಯಿ ಬರಲ್ಲ ಅಮ್ಮ," ಎಂದಳು ಅಕ್ಕ. ಆಗ ಅವಳಿಗೆ ಅಳು ಬಂತು. ಮುದುಕಿ ಅವಳನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಮುಂದೆ ಇಟ್ಟರು.

ಅಕ್ಕ ಸಾಕ್ಷಿ ಹೇಳಲಿಲ್ಲ. ಈಗಲೂ ಭಾನುವಾರ ಇಗರ್ಜಿಯಲ್ಲಿ ಜಪಸರ ಹೇಳಿಸುತ್ತಾಳೆ. ಗೆಳತಿಯ ಹೆಸರನ್ನು ಸತ್ತವರ ಪ್ರಾರ್ಥನೆಯಲ್ಲಿ ಸೇರಿಸುತ್ತಾಳೆ, ಯಾರೂ ಬೇಡ ಎಂದಿಲ್ಲ. ಭಾವ ಆ ಹೊತ್ತಿಗೆ ಆಟೋ ತೆಗೆದುಕೊಂಡು ಸಾಗರದ ಪ್ರಾರ್ಥನೆಗೆ ಹೋಗಿರುತ್ತಾರೆ. ಅವರು ಅಕ್ಕನಿಗೆ ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆದರೆ ಅವಳು ಒಮ್ಮೆ ಕೆಮ್ಮಿದರೆ ಸಾಕು, ಊಟ ನಿಲ್ಲಿಸಿ ಅವಳ ಮುಖ ನೋಡುತ್ತಾರೆ, ಈಗಲಾದರೂ ಹೇಳುತ್ತಾಳೇನೋ ಎಂದು ಕಾಯುವವರ ಹಾಗೆ. ಹಾಗಾಗಿ ಅಕ್ಕ ತಲೆನೋವು ಬಂದರೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಮೊನ್ನೆ ನನಗೆ ಫೋನು ಮಾಡಿದ್ದಳು. ಶಾಲೆ, ಮಕ್ಕಳು, ನನ್ನ ಅಡುಗೆ ಎಲ್ಲ ವಿಚಾರಿಸಿದಳು. ಕೊನೆಗೆ ದನಿ ತಗ್ಗಿಸಿ, ನಿನ್ನೆಯಿಂದ ಮೈ ಸ್ವಲ್ಪ ಬಿಸಿ ಇದೆ, ನಿಮ್ಮ ಭಾವನಿಗೆ ಹೇಳಬೇಡ ಎಂದಳು.