ಗಿಟಾರಿನ ಕುತ್ತಿಗೆಗೆ ಸುತ್ತಿದ ಒದ್ದೆ ಬಟ್ಟೆ

ತಂತಿ ಬಿಗಿಯುವ ಸದ್ದು ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಬಲಗಣ್ಣಿಗೆ ಹೋಗುತ್ತದೆ. ಪೆಟ್ಟು ಬಿದ್ದದ್ದು ನನಗಲ್ಲ, ನನ್ನ ಗಂಡನಿಗೆ. ಅದೂ ಕಣ್ಣಿಗಲ್ಲ, ಹುಬ್ಬಿಗೆ. ಆದರೆ ನೋಡಿದವಳು ನಾನು.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ಇವರಿಗೆ ಕಾಗದದ ಕಾರ್ಖಾನೆಯಲ್ಲಿ ಬಡಿಗತನದ ಕೆಲಸ. ಮಾವನವರು ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ಚಕ್ಕಡಿ ಗಾಲಿ ಮಾಡುತ್ತಿದ್ದವರು. ಅತ್ತೆ ತೀರಿಕೊಂಡ ಮೇಲೆ ಉಳಿ, ಬಾಚಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಜೊತೆಗೆ ಮುರಿದ ಚಕ್ಕಡಿಯ ಮೂಕಿಯ ತುಂಡೊಂದನ್ನೂ ತಂದಿದ್ದರು. ಎರಡೂ ಎತ್ತುಗಳ ನಡುವೆ ಚಾಚುವ ಸಾಗವಾನಿ ಮರ ಅದು. ಅಷ್ಟು ಮಳೆ ಬಿಸಿಲು ಉಂಡ ಕಟ್ಟಿಗೆಯನ್ನು ಬಿಟ್ಟು ಬರಲು ಅವರಿಗೆ ಮನಸ್ಸಾಗಿರಲಿಲ್ಲ.

ಇವರ ಜೊತೆಗಾರರೊಬ್ಬರು ಗೋವೆಯವರು, ರವಿವಾರ ಮನೆಯ ಕಟ್ಟೆಯ ಮೇಲೆ ಕೂತು ಗಿಟಾರು ಬಾರಿಸುತ್ತಿದ್ದರು. ಇವರು ಅದನ್ನು ಬಾರಿಸಿ ನೋಡಿದರು, ಆಮೇಲೆ ದಾರ ಹಿಡಿದು ಅಳೆದರು, ಕೊನೆಗೆ ತಾವೇ ಒಂದನ್ನು ಮಾಡುತ್ತೇನೆಂದು ಹಟ ಹಿಡಿದರು. ತೆಳ್ಳನೆಯ ಹಲಗೆ ಬಗ್ಗಿಸಿ, ಬಿಸಿ ಅಂಟು ಹಚ್ಚಿ ಒಡಲು ಮಾಡಿದರು. ಕುತ್ತಿಗೆಯ ಮಾತು ಬಂದಾಗ ಮಾವನವರು ಮೂಕಿಯ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ತಮ್ಮ ಕೆಲಸ ಎಂದರು.

ಅವರು ಅದನ್ನು ಕೆತ್ತಿದ ರೀತಿ ಚೆಂದ. ಅಳತೆಗೋಲು ಮುಟ್ಟಲಿಲ್ಲ. ಮಗನಿಗೆ ಕಣ್ಣು ಮುಚ್ಚಿ ಹಿಡಿಯಲು ಹೇಳಿ, ಅಂಗೈಗೆ ಎಲ್ಲಿ ತೊಡಕುತ್ತದೆಂದು ಕೇಳಿ, ಅಲ್ಲಿ ಒಡೆದ ಗಾಜಿನ ಚೂರಿನಿಂದ ಹೆರೆಯುತ್ತಿದ್ದರು. ಕುಡುಗೋಲಿನ ಹಿಡಿಯನ್ನೂ ಹೀಗೇ ಮಾಡುತ್ತಿದ್ದರಂತೆ. ಒಡಲೊಳಗೆ, ಕುತ್ತಿಗೆ ಕೂಡುವಲ್ಲಿ, ಇವರು ಒಂದು ಮರದ ಗಟ್ಟಿ ಅಂಟಿಸಿದ್ದರು. ಮಾವನವರು ಅದರಲ್ಲಿ ತೂತು ಕೊರೆದು ಕುತ್ತಿಗೆಯ ತುದಿಯನ್ನು ಬಿಗಿಯಾಗಿ ಕೂಡಿಸಿ ಬೆಣೆ ಬಡಿದರು. ಅಲ್ಲಿಗೂ ಅಂಟು ಬೇಕೆಂದು ಇವರು ಹೇಳಿದ್ದಕ್ಕೆ, “ಗಾಲಿಗೆ ಯಾರರ ಅಂಟು ಹಚ್ಚತಾರೇನೋ?” ಎಂದು ಮಗನ ಬಾಯಿ ಮುಚ್ಚಿಸಿದರು.

ಮಳೆಗಾಲವೆಲ್ಲ ಗಿಟಾರು ಕಲ್ಲಿನಂತೆ ನಿಂತಿತು. ದೀಪಾವಳಿ ಕಳೆದು ಒಣ ಗಾಳಿ ಬೀಸಿದಾಗ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಬಿತ್ತು. ಶ್ರುತಿ ನಿಲ್ಲಲಿಲ್ಲ. ಇವರು ಕೆಲಸಕ್ಕೆ ಹೋದಾಗ ಮಾವನವರು ಹಳೆಯ ಧೋತರದ ತುಂಡನ್ನು ನೀರಲ್ಲಿ ಅದ್ದಿ ಆ ಜಾಗಕ್ಕೆ ಸುತ್ತಿದರು. ಬೇಸಿಗೆಯಲ್ಲಿ ಸಡಿಲಾದ ಗಾಲಿಯನ್ನು ಹಳ್ಳದಲ್ಲಿ ಮುಳುಗಿಸಿ ಇಡುವುದನ್ನು ನಾನೂ ಕಂಡಿದ್ದೆ. ಮರ ನೀರು ಕುಡಿದು ಉಬ್ಬುತ್ತದೆ, ಕೀಲು ಬಿಗಿಯುತ್ತದೆ. ಸಂಜೆ ಬಟ್ಟೆ ಬಿಚ್ಚಿದಾಗ ಸಂದು ಇರಲಿಲ್ಲ.

ಮರುದಿನ ರವಿವಾರ. ಚಹಾ ಕುಡಿದು ಇವರು ತಂತಿ ಬಿಗಿಯಲು ಕೂತರು. ಸದ್ದು ಸರಿಯಾಗಿ ಕೇಳಲೆಂದು ಮುಖವನ್ನು ತಂತಿಗಳ ಮೇಲೆ ಬಗ್ಗಿಸಿದ್ದರು. ನಾನು ಎದುರಿಗೆ ಅಕ್ಕಿ ಆರಿಸುತ್ತಿದ್ದೆ. ಒಳಗೆಲ್ಲೋ ಕರ್ ಎಂದಿತು. ಇಡೀ ಕುತ್ತಿಗೆ ಮುಂದಕ್ಕೆ ಮಡಚಿ ಬಂದು, ತುದಿಯಲ್ಲಿದ್ದ, ತಂತಿ ಬಿಗಿಯಲು ತಿರುವುವ ಲೋಹದ ಕಿವಿಯೊಂದು ಇವರ ಹುಬ್ಬನ್ನು ಸೀಳಿತು. ಕಣ್ಣು ತುಂಬ ರಕ್ತ. ಒರೆಸಿದ ಮೇಲೆಯೇ ಗೊತ್ತಾದದ್ದು ಕಣ್ಣು ಉಳಿದಿದೆಯೆಂದು. ನನ್ನ ನೆನಪಿನಲ್ಲಿ ಮಾತ್ರ ಆ ಕಿವಿ ಪ್ರತಿ ಸಲ ಒಂದು ಅಕ್ಕಿಕಾಳಿನಷ್ಟು ಕೆಳಗೆ, ಕಣ್ಣಿಗೇ ಬೀಳುತ್ತದೆ.

ಒಡಲೊಳಗೆ ಕೈ ಹಾಕಿ ನೋಡಿದರೆ, ಗಟ್ಟಿಯನ್ನು ಹಿಡಿದಿದ್ದ ಅಂಟು ನೀರುಂಡು ಬೆಲ್ಲದ ಪಾಕದಂತೆ ಮೆತ್ತಗಾಗಿತ್ತು. ಗಾಲಿಯಲ್ಲಿ ಅಂಟಿಲ್ಲ, ನೀರು ಅದಕ್ಕೆ ಔಷಧ. ಇದರಲ್ಲಿ ಅಂಟಿತ್ತು. ಇವರು ಹುಬ್ಬಿಗೆ ಅರಿಸಿನ ಹಚ್ಚಿಕೊಂಡು ನಕ್ಕರು. ಮಾವನವರು ನಗಲಿಲ್ಲ, ಆ ದಿನ ಊಟಕ್ಕೂ ಏಳಲಿಲ್ಲ. ಈ ಮನೆಯಲ್ಲಿ ಇನ್ನು ತಂತಿ ಬಿಗಿಯುವುದು ಬೇಡ ಎಂದೆ ನಾನು. ಒಡಲು ಗೋಡೆಗೆ ತೂಗಿತು.

ಆಮೇಲೆ ಬಂದ ರವಿವಾರಗಳನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಇವರು ಕಟ್ಟೆಯ ಮೇಲೆ ಮೊಣಕಾಲ ನಡುವೆ ಕೈ ಇಟ್ಟುಕೊಂಡು ಕೂತಿರುತ್ತಿದ್ದರು. ಕೊನೆಗೆ ನಾನೇ ಸೋತು, ರಿಪೇರಿ ಮಾಡಿಕೊಳ್ಳಿ, ಆದರೆ ಮೊದಲ ಸಲ ಬಿಗಿಯುವುದು ನೀವಲ್ಲ ಎಂದೆ.

ಅದಕ್ಕೆ ಮಾವನವರು ಬಾಯಿ ಬಿಟ್ಟರು. “ಗಾಲಿ ಮಾಡಿದಂವ ಮೊದಲನೇ ಹೇರಿನ ಮ್ಯಾಲೆ ತಾನ ಕುಂದರಬೇಕು, ಯವ್ವಾ. ಗಾಲಿ ಮುರದ್ರ ಮೊದಲು ಅಂವಾ ಬೀಳ್ಲಿ. ಅದು ನಮ್ಮ ರೀತಿ. ಇದನ್ನೂ ನಾನ ಬಿಗೀತೇನಿ.”

ಅಪ್ಪ ಮಗ ಸೇರಿ ಹೊಸ ಗಟ್ಟಿ ಕೂಡಿಸಿದರು. ಕುತ್ತಿಗೆ ಅದೇ. ಈ ಸಲ ಅದಕ್ಕೂ ಅಂಟು ಹಚ್ಚಿ, ಹಗ್ಗ ಬಿಗಿದು, ಒಣಗುವ ತನಕ ಯಾರನ್ನೂ ಮುಟ್ಟಗೊಡಲಿಲ್ಲ. ತಂತಿ ಹಾಕುವ ದಿನ ಮಾವನವರು ತಲೆಗೆ ಪಟಗ ಸುತ್ತಿಕೊಂಡು, ಊರಿಗೆ ಹೊರಟವರಂತೆ ಕೂತು, ಮುಖ ಬಗ್ಗಿಸಿದರು. ನನಗೆ ಮತ್ತೆ ಆ ಅಕ್ಕಿಕಾಳಿನಷ್ಟು ಅಂತರ ಕಂಡಿತು.

“ನಿಮ್ಮ ಕಣ್ಣು ಕಣ್ಣಲ್ಲೇನ್ರಿ, ಮಾವಾರ?” ಎಂದು ಒಳಗಿಂದ ದಪ್ಪ ಕೌದಿ ತಂದು ಗಿಟಾರಿನ ಮೇಲೆ ಮಡಚಿ ಹೊದಿಸಿದೆ.

“ಎತ್ತಿಗೆ ಕೌದಿ ಹೊಚ್ಚಿ ಗಾಡಿ ಹೊಡದಂಗಾತು,” ಎಂದರು. ಆದರೂ ಕೈಯನ್ನು ಒಳಗೇ ಹಾಕಿ ಕಿವಿ ತಿರುವಿದರು. ಇವರು ಇನ್ನೊಂದು ಬದಿಯಿಂದ ಬೆರಳು ತೂರಿಸಿ ತಂತಿ ಮೀಟಿದರು. ಜ್ವರ ಬಂದವರು ಹೊದಿಕೆಯೊಳಗೆ ಗುನುಗಿದಂಥ ಸದ್ದು, ಮೆಲ್ಲಗೆ ಏರುತ್ತ ಹೋಯಿತು. ಕರ್ ಎನ್ನಲಿಲ್ಲ. ಇವರು ಸಾಕೆಂದ ಮೇಲೂ ನಾನು ಬಹಳ ಹೊತ್ತು ಕೌದಿಯ ಅಂಚು ಹಿಡಿದೇ ಇದ್ದೆ. ತೆಗೆದಾಗ ಕುತ್ತಿಗೆ ನೆಟ್ಟಗೆ ನಿಂತಿತ್ತು.

ಅಂದಿನಿಂದ ತಂತಿ ಬಿಗಿಯುವ ಮೊದಲು ಇವರು ನಾನು ಹೇಳದೆಯೇ ಕೌದಿ ಹೊದಿಸುತ್ತಿದ್ದರು. ಗೋವೆಯ ಜೊತೆಗಾರರು ಒಮ್ಮೆ ಅದನ್ನು ಕಂಡು, ಇದೇನೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಹೇಳಿದರು, “ಸಾಂಬ್ರಾಣಿ ಮೂಕಿ ನೋಡ್ರಿ. ಅದಕ್ಕ ಇಲ್ಲಿ ಥಂಡಿ ತಡಿಯೂದಿಲ್ಲ.”