ಹರಿಹರದ ಸ್ಪ್ರಿಂಗ್ ಗಾದಿ

ದಾವಣಗೆರೆಯ ಹುಡುಗಿಯರ ಹಾಸ್ಟೆಲೊಂದಕ್ಕೆ ನಾನು ಮೇಟ್ರನ್. ಬೆನ್ನುನೋವಿಗೆ ಒಳ್ಳೆಯ ಗಾದಿ ಹುಡುಕುತ್ತಾ ಹರಿಹರದ ಅಂಗಡಿಯೊಂದಕ್ಕೆ ಹೋಗಿದ್ದೆ. ಮೇಲೆ ಲ್ಯಾಟೆಕ್ಸ್ ರಬ್ಬರು, ಒಳಗೆ ಸ್ಪ್ರಿಂಗು. ಅಂಥದ್ದು ಅಲ್ಲಿ ಇದ್ದದ್ದೇ ಒಂದು. ಮಲಗಿ ನೋಡದೆ ಗಾದಿ ಕೊಳ್ಳುವುದು ಅವಿವೇಕ. ಚಪ್ಪಲಿ ಬಿಟ್ಟು, ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಮಲಗಿದೆ.

ಅಷ್ಟರಲ್ಲಿ ಮಗಳ ಮದುವೆಗೆ ಗಾದಿ ಕೊಳ್ಳಲು ಭಾನುವಳ್ಳಿಯ ಹೆಂಗಸೊಬ್ಬರು ಬಳಗದೊಂದಿಗೆ ಬಂದರು. ಅವರಿಗೂ ಇದೇ ಬೇಕಾಯಿತು. ಎದ್ದರೆ ಗಾದಿ ಕೈತಪ್ಪುತ್ತದೆಂದು ನಾನು ಏಳಲಿಲ್ಲ.

"ಅಕ್ಕಾರ, ಚೂರು ಸರೀರಿ," ಎಂದು ಆಕೆ ನನ್ನ ಪಕ್ಕದಲ್ಲೇ ಮಲಗಿದರು. "ಬಾಳಿಕಿ ಬರ್ತೈತೇನು ನೋಡಾನ, ನೀವೂ ಕೂಡ್ರಿ," ಎಂದದ್ದೇ ತಡ, ಬಳಗವೆಲ್ಲ ನಮ್ಮ ಕಾಲಬಳಿ ಕೂತಿತು. ಗಾದಿ ಜಗ್ಗಲಿಲ್ಲ. ಪರಿಚಯವಿಲ್ಲದವರ ಪಕ್ಕದಲ್ಲಿ ಮಲಗಿದಾಗ ಏನು ಮಾತಾಡಬೇಕೆಂದು ನಾನು ಓದಿದ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ನಾನು ಫ್ಯಾನು ನೋಡುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಒಲ್ಲದ ಮನಸ್ಸಿನಿಂದ ಎದ್ದರು. "ನೀವೇ ತಗೊಳ್ರಿ. ಇಂಥಾದ್ದು ಕೊಟ್ರೆ ನಮ್ಮ ಅಳಿಯ ಏಳಂಗಿಲ್ಲ. ಹೊಲ ನೋಡೋರ್ಯಾರು?"

ಅಳಿಯನ ವಿಚಾರ ನನಗೆ ತಿಳಿಯದು. ನನ್ನನ್ನಂತೂ ಈಗ ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯರೇ ಬಾಗಿಲು ಬಡಿದು ಎಬ್ಬಿಸುತ್ತಾರೆ. ಅದನ್ನು ಅವರು ಅಷ್ಟೊಂದು ಸಂತೋಷದಿಂದ ಮಾಡುವ ಅಗತ್ಯವಿಲ್ಲ.